ಕಣ್ಣಿಗೆ ಕೇಳಿಸುವ ಸ್ಪೀಕರ್

ಸ್ಪೀಕರ್ ಕಂಪನಿ ಹಾಕಿ ಮೂರು ತಲೆಮಾರು ಬಾಳಬೇಕೆಂದಿರುವ ಮಹನೀಯರಲ್ಲಿ ಒಂದು ಬಿನ್ನಹ: ಸದ್ದಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಆ ಕೆಲಸ 1925ರಲ್ಲೇ ಮುಗಿದಿದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ತಂತಿ ಸುರುಳಿ, ಅಯಸ್ಕಾಂತ, ಕಾಗದದ ಕೋನ್ ಜೋಡಿಸಿ ತೋರಿಸಿದರು. ಇವತ್ತು ಹತ್ತು ಲಕ್ಷದ ಬಾಕ್ಸಿನ ಜಾಲರಿ ತೆಗೆದರೂ ಒಳಗಿರುವುದು ಹೆಚ್ಚುಕಡಿಮೆ ಅದೇ ಸಂಸಾರ.

ಸ್ಪೀಕರ್ ಕೊಳ್ಳುವುದು ಕಣ್ಣು. 1994ರಲ್ಲಿ ಹರ್ಮನ್ ಕಂಪನಿಯ ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಇಬ್ಬರೂ ಪರದೆಯ ಹಿಂದೆ ಸ್ಪೀಕರುಗಳನ್ನಿಟ್ಟು 40 ಮಂದಿಯಿಂದ ಅಂಕ ಹಾಕಿಸಿದರು. ಪರದೆ ಸರಿಸಿ ಇನ್ನೊಮ್ಮೆ ಹಾಕಿಸಿದರು. ಮರೆಯಲ್ಲಿದ್ದಾಗ ಜಾಣನೆನಿಸಿಕೊಂಡ ಅಗ್ಗದ ಪುಟ್ಟ ಪೆಟ್ಟಿಗೆ ಕಣ್ಣಿಗೆ ಬಿದ್ದ ತಕ್ಷಣ ದಡ್ಡನಾಯಿತು, ದೊಡ್ಡ ದುಬಾರಿ ಬಾಕ್ಸುಗಳಿಗೆ ಅಂಕ ಏರಿತು. ಅಂಕ ಹಾಕಿದವರೆಲ್ಲ ಹರ್ಮನ್ ನೌಕರರೇ!

ನಮ್ಮಲ್ಲಿ ಇದಕ್ಕೆ ಪ್ರಯೋಗವೂ ಬೇಕಿರಲಿಲ್ಲ. ತೊಂಬತ್ತರ ದಶಕದ ಟೇಪ್‌ರೆಕಾರ್ಡರ್ ಮೇಲೆ ‘1000 ವ್ಯಾಟ್ ಪಿಎಂಪಿಒ’ ಎಂಬ ಚೀಟಿ ಇರುತ್ತಿತ್ತು. ಆರು ಸೆಲ್ಲಿನಲ್ಲಿ ಹಾಡುವ ಡಬ್ಬ ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟನ್ನು ಎಲ್ಲಿಂದ ತರುತ್ತದೆ ಎಂದು ಯಾವ ಯಜಮಾನರೂ ಕೇಳಲಿಲ್ಲ.

ಇನ್ನೊಂದು ಅನುಕೂಲ ಪ್ರಕೃತಿಯೇ ಒದಗಿಸಿದೆ. ದುಬಾರಿ ಸ್ಪೀಕರಿಗೆ ದುಡ್ಡು ಕೂಡುವ ವಯಸ್ಸಿಗೆ ಹೆಚ್ಚಿನವರ ಕಿವಿ 12,000 ಹರ್ಟ್ಸ್‌ನ ಆಚೆಗೆ ನಿವೃತ್ತಿ ಪಡೆದಿರುತ್ತದೆ. ಬಾಕ್ಸಿನ ಮೇಲೆ 40,000 ಎಂದು ಧೈರ್ಯವಾಗಿ ಬರೆಯಿರಿ. ತಕರಾರು ಎತ್ತುವ ಅರ್ಹತೆ ಮನೆಯ ನಾಯಿಗೆ ಮಾತ್ರ.

ಒಳ್ಳೆಯ ಸದ್ದು ಮಾಡಿದವರ ಗತಿ ನೋಡಿ. 1954ರಲ್ಲಿ ಶುರುವಾದ ಅಕೌಸ್ಟಿಕ್ ರಿಸರ್ಚ್ ವೇದಿಕೆಯ ಮೇಲೆ ವಾದ್ಯಗಾರರನ್ನೂ ಸ್ಪೀಕರನ್ನೂ ಅಕ್ಕಪಕ್ಕ ಕೂರಿಸುತ್ತಿತ್ತು. ಪಿಟೀಲು ನಿಂತು ಟೇಪು ಶುರುವಾದದ್ದು ಸಭೆಗೆ ಗೊತ್ತಾಗುತ್ತಿರಲಿಲ್ಲ. 1967ರಲ್ಲಿ ಕಂಪನಿಯನ್ನು ಟೆಲಿಡೈನ್‌ಗೆ ಮಾರಿದರು. ಆಮೇಲೆ ಉಳಿದದ್ದು ಹೆಸರು. ಅದೂ ಕೈಯಿಂದ ಕೈಗೆ ಹೋಯಿತು.

ಬೌವರ್ಸ್ ಆ್ಯಂಡ್ ವಿಲ್ಕಿನ್ಸ್‌ನದು ಇನ್ನೂ ರಸವತ್ತಾದ ಪುರಾಣ. ಲಂಡನ್ನಿನ ಅಬೇ ರೋಡ್ ಸ್ಟುಡಿಯೋ ನೆಚ್ಚಿದ ಸ್ಪೀಕರು. 1966ರಲ್ಲಿ ಹುಟ್ಟಿ ಐವತ್ತು ವರ್ಷ ಗೌರವದಿಂದ ಬಾಳಿತು. 2016ರಲ್ಲಿ ಕ್ಯಾಲಿಫೋರ್ನಿಯಾದ ಹೊಸ ಕಂಪನಿಯೊಂದು ಕೊಂಡಿತು, 2020ರಲ್ಲಿ ಇನ್ನೊಂದು. 2022ರಲ್ಲಿ ಅದು ಮಾಸಿಮೋ ಮಡಿಲಿಗೆ ಬಿತ್ತು. ಮಾಸಿಮೋ ಅಂದರೆ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರ ಮಾಡುವವರು. ನಾಡಿ ಹಿಡಿಯುವವರಿಗೆ ರಾಗದ ಆಸೆ ಹುಟ್ಟಿತು! ಬಳಗದ ಇನ್ನೂ ಕೆಲವು ಬ್ರಾಂಡುಗಳನ್ನು ಸೇರಿಸಿ ನೂರು ಕೋಟಿ ಡಾಲರಿಗೂ ಮಿಕ್ಕು ಕೊಟ್ಟರು. 2025ರಲ್ಲಿ 35 ಕೋಟಿಗೆ ಬಿಟ್ಟು ಕೈ ತೊಳೆದರು. ಕೊಂಡದ್ದು ಮೇಲೆ ಹೇಳಿದ ಹರ್ಮನ್. ಆ ಹರ್ಮನ್ನನ್ನೇ 2017ರಲ್ಲಿ ಸ್ಯಾಮ್‌ಸಂಗ್ ಕೊಂಡಿತ್ತು.

ಹಾಗಾದರೆ ಬೋಸ್ ಹೇಗೆ ಉಳಿಯಿತು? ಬಂಗಾಳಿ ತಂದೆಯ ಮಗ ಅಮರ್ ಬೋಸ್ ಅಮೆರಿಕದ ಎಂಐಟಿಯಲ್ಲಿ ಮೇಷ್ಟ್ರಾಗಿದ್ದುಕೊಂಡೇ 1964ರಲ್ಲಿ ಕಟ್ಟಿದ ಕಂಪನಿ ಅದು. ಅವರ 901 ಸ್ಪೀಕರಿನಲ್ಲಿ ಒಂಬತ್ತು ಕೋನುಗಳು, ಅವುಗಳಲ್ಲಿ ಎಂಟು ಹಿಂದಿನ ಗೋಡೆಯ ಕಡೆಗೆ ಮುಖ ಮಾಡಿದವು. ವಾದ್ಯಗಳು ಕೋಣೆ ತುಂಬ ಅಲೆದಾಡುತ್ತವೆ ಎಂದು 1970ರಲ್ಲಿ ಗ್ರಾಹಕ ಪತ್ರಿಕೆಯೊಂದು ಬರೆಯಿತು. ಬೋಸ್ ಕೋರ್ಟಿಗೆ ಹೋದರು, 1984ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಗಿರಾಕಿ ಮಾತ್ರ ಅಲ್ಲಾಡಲಿಲ್ಲ. ಈ ಮನುಷ್ಯ ಕೊನೆಯವರೆಗೂ ಷೇರುಪೇಟೆಯ ಮೆಟ್ಟಿಲು ಹತ್ತಲಿಲ್ಲ. 2011ರಲ್ಲಿ ಬಹುಪಾಲು ಷೇರನ್ನು ಎಂಐಟಿಗೆ ದಾನ ಕೊಟ್ಟಾಗಲೂ ಅದನ್ನು ಮಾರುವ ಹಾಗಿಲ್ಲವೆಂದು ಷರತ್ತು ಹಾಕಿದರು. ಅವರ ಬೇಸಿನ ಬಗ್ಗೆ ಜಗಳ ಇದ್ದರೆ ಇರಲಿ, ಈ ಹಟಕ್ಕೆ ನನ್ನ ನಮಸ್ಕಾರ.

ಓದುಗರೇ, ಮುಂದಿನ ಸಲ ಅಂಗಡಿಯಲ್ಲಿ ವ್ಯಾಟು ವಿಚಾರಿಸಬೇಡಿ. ಕಂಪನಿಯ ಈ ವರ್ಷದ ಮಾಲೀಕರು ಯಾರು, ಇಪ್ಪತ್ತು ವರ್ಷ ಹಳೆಯ ಮಾಡೆಲಿಗೆ ಕೋನ್ ಸಿಗುತ್ತದೆಯೇ ಎಂದು ಕೇಳಿ.