ಇವತ್ತೇನು ಸಾರು?

ಬುದ್ಧನ ಕಾಲದ ವೈಶಾಲಿಯಲ್ಲಿ 7,707 ಜನ ರಾಜರಿದ್ದರು. ಅಚ್ಚಿನ ತಪ್ಪಲ್ಲ, ಜಾತಕ ಕಥೆಯೊಂದು ಕೊಡುವ ಲೆಕ್ಕವೇ ಅದು. ರಾಜರೇ ಅಷ್ಟಿದ್ದ ಮೇಲೆ ಉಪರಾಜರು, ಸೇನಾಪತಿಗಳು, ಭಂಡಾರಿಗಳು ಕಡಿಮೆಯಾದರೆ ನಡೆಯುತ್ತದೆಯೇ? ಅವರೂ ತಲಾ 7,707. ಗುಣಿಸಿ ನೋಡಿದರೆ ಒಂದೇ ಊರಿನಲ್ಲಿ 30,828 ದೊಡ್ಡ ಮನುಷ್ಯರು. ವಿನಯಪಿಟಕ ಒಂದು ಹೆಜ್ಜೆ ಮುಂದೆ ಹೋಗಿ, ಆ ಊರಿನ ಉಪ್ಪರಿಗೆ ಮನೆಗಳು, ತೋಟಗಳು, ತಾವರೆಗೊಳಗಳು ಕೂಡ ಅಷ್ಟಷ್ಟೇ ಎನ್ನುತ್ತದೆ. ಲಲಿತವಿಸ್ತರ ಬರೆದವನಿಗೆ ಇದನ್ನೆಲ್ಲ ಕಂಡು ಹೊಟ್ಟೆಕಿಚ್ಚೋ ಸಿಟ್ಟೋ, ಏನೋ ಒಂದು ಆಗಿರಬೇಕು. ಅಲ್ಲಿ ಹಿರಿಯ ಕಿರಿಯ ಎಂಬ ಮರ್ಯಾದೆಯೇ ಇಲ್ಲ, ಒಬ್ಬೊಬ್ಬನೂ ತಾನೇ ರಾಜನೆಂದುಕೊಂಡಿದ್ದಾನೆ ಎಂದು ಗೊಣಗಿದ್ದಾನೆ. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು ಎಂದು ನಮ್ಮ ಗಾದೆ ಕೇಳುತ್ತದಲ್ಲ, ಹೊರುವವರೂ ಅಲ್ಲಿದ್ದರು. ಅವರ ತಲೆ ಎಣಿಸುವ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ.

ನಮ್ಮ ಕಾಲದ ಸಮಾಜ ಪಾಠದಲ್ಲಿ ವೈಶಾಲಿಗೆ ಸಿಕ್ಕಿದ್ದು ಅರ್ಧ ಸಾಲು. ಹದಿನಾರು ಮಹಾಜನಪದಗಳನ್ನು ಬಾಯಿಪಾಠ ಮಾಡಬೇಕಿತ್ತು, ಮಗ್ಗಿಯ ಧಾಟಿಯಲ್ಲಿ. ಅಂಗ, ಮಗಧ, ಕಾಶಿ, ಕೋಸಲ ಎಂದು ಗತ್ತಿನಲ್ಲಿ ಹೊರಟವರು ವಜ್ಜಿ, ಮಲ್ಲ, ಚೇದಿ, ವತ್ಸ ದಾಟಿ ಕುರು, ಪಾಂಚಾಲ, ಮತ್ಸ್ಯ, ಶೂರಸೇನರ ಬಳಿ ಮಹಾಭಾರತದ ಪರಿಚಯದವರು ಸಿಕ್ಕರೆಂದು ಚೇತರಿಸಿಕೊಂಡು, ಅಸ್ಸಕದ ಹತ್ತಿರ ಮುಗ್ಗರಿಸುತ್ತಿದ್ದೆವು. ಅವಂತಿ, ಗಾಂಧಾರ, ಕಾಂಬೋಜ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಪಟ್ಟಿ ಬೌದ್ಧರ ಅಂಗುತ್ತರ ನಿಕಾಯದ್ದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾವು ಮುಗ್ಗರಿಸುತ್ತಿದ್ದ ಅಸ್ಸಕವೇ ಹದಿನಾರರಲ್ಲಿ ನಮಗೆ ಹತ್ತಿರದ ನೆಂಟ ಎಂಬುದೂ ಆಗಲೇ ತಿಳಿದದ್ದು. ವಿಂಧ್ಯದ ತೆಂಕಣಕ್ಕಿದ್ದದ್ದು ಅದೊಂದೇ, ಗೋದಾವರಿಯ ದಂಡೆಯಲ್ಲಿ. ಕವಿರಾಜಮಾರ್ಗ ಕನ್ನಡ ನಾಡಿಗೆ ಹಾಕಿದ ಬೇಲಿಯೂ ಅದೇ ನದಿ ತಾನೇ? ಅಸ್ಸಕದ ರಾಜಧಾನಿ ಪೋತನವನ್ನು ವಿದ್ವಾಂಸರು ಇಂದಿನ ತೆಲಂಗಾಣದ ಬೋಧನದಲ್ಲಿ ಗುರುತಿಸುತ್ತಾರೆ. ಪಂಪ ಬಾಹುಬಲಿಯನ್ನು ಕೂರಿಸಿದ ಪೌದನಪುರವೂ ಅದೇ ಎನ್ನುವವರಿದ್ದಾರೆ. ಪೌದನಪುರದ ಬಾಹುಬಲಿಯನ್ನು ನೋಡಬೇಕೆಂದು ಚಾವುಂಡರಾಯನ ತಾಯಿ ಹಟ ಹಿಡಿದಳು, ಅಲ್ಲಿಗೆ ಹೋಗಲಾಗದೆ ಮಗ ಶ್ರವಣಬೆಳಗೊಳದಲ್ಲೇ ಒಂದು ಕಡೆಸಿದ ಎಂಬ ಕಥೆಯೂ ಉಂಟು. ಇದು ಆಗಲೇ ಗೊತ್ತಿದ್ದರೆ ಬಾಯಿಪಾಠ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಹದಿನಾರರಲ್ಲಿ ಹೆಚ್ಚಿನವಕ್ಕೆ ಒಬ್ಬೊಬ್ಬನೇ ರಾಜ. ಕಿರೀಟ, ಸಿಂಹಾಸನ, ಅಂತಃಪುರದ ಕಿರಿಕಿರಿ ಎಲ್ಲ ಮಾಮೂಲು. ವೈಶಾಲಿಯ ಲಿಚ್ಛವಿಗಳು ಸೇರಿದ್ದ ವಜ್ಜಿ ಮತ್ತು ಮಲ್ಲರಂಥವರದು ಗಣ, ಅಂದರೆ ಕುಲದ ಹಿರಿಯರು ಕೂತು ಮಾತಾಡಿ ತೀರ್ಮಾನಿಸುವ ರಾಜ್ಯ. ಹದಿನಾರರ ಪಟ್ಟಿಗೆ ಸೇರದ ಸಣ್ಣ ಗಣಗಳೂ ಹಿಮಾಲಯದ ತಪ್ಪಲಿನಲ್ಲಿ ಹಲವಿದ್ದವು. ಬುದ್ಧ ಅಂಥ ಶಾಕ್ಯ ಗಣದವನು. ಮಹಾವೀರನ ತಾಯಿ ತ್ರಿಶಲೆ ವೈಶಾಲಿಯ ಚೇಟಕನ ಮಗಳೆಂದು ದಿಗಂಬರರು, ತಂಗಿಯೆಂದು ಶ್ವೇತಾಂಬರರು. ಮಗಳೋ ತಂಗಿಯೋ, ಮನೆ ಅದೇ. ಮೀಟಿಂಗುಗಳ ನಡುವೆ ಬೆಳೆದ ಇಬ್ಬರು ಮನೆ ಬಿಟ್ಟು ಕಾಡಿಗೆ ಹೋದರೆಂಬುದರಲ್ಲಿ, ಸಂಘಗಳ ಪದಾಧಿಕಾರಿಗಳಾಗಿದ್ದವರಿಗೆ ಆಶ್ಚರ್ಯವಾಗಲಾರದು.

ಮೀಟಿಂಗು ನಡೆಯುತ್ತಿದ್ದುದು ಸಂಥಾಗಾರ ಎಂಬ ಸಭಾಭವನದಲ್ಲಿ. ಭೇರಿ ಹೊಡೆದರೆ ಎಲ್ಲರೂ ಬಂದು ಸೇರಬೇಕು. ಒಳಗಿನ ಕಲಾಪ ಹೇಗಿತ್ತೆಂದು ಊಹಿಸಲು ವಿದ್ವಾಂಸರು ಬೌದ್ಧ ಭಿಕ್ಷುಗಳ ನಿಯಮಗಳನ್ನು ನೋಡುತ್ತಾರೆ. ಬುದ್ಧ ತನ್ನ ಸಂಘದ ರೀತಿನೀತಿಯನ್ನು ತವರಿನ ಗಣದಿಂದಲೇ ತಂದಿರಬೇಕು ಎಂಬ ಲೆಕ್ಕಾಚಾರ. ಆ ನಿಯಮಗಳೋ ಓದಲು ಬಲು ಸೊಗಸು. ಯಾರು ಎಲ್ಲಿ ಕೂರಬೇಕೆಂದು ಆಸನ ಹಾಕಿಸಲು ಒಬ್ಬ ಭಿಕ್ಷು. ಠರಾವನ್ನು ಓದುವುದು, ದೊಡ್ಡ ವಿಷಯವಾದರೆ ಮೂರು ಸಲ ಕೇಳುವುದು, ಸುಮ್ಮನಿದ್ದವರೆಲ್ಲ ಒಪ್ಪಿದಂತೆ. ಜಗಳ ಹತ್ತಿದರೆ ಶಲಾಕೆ, ಅಂದರೆ ಬಣ್ಣ ಹಚ್ಚಿದ ಕಡ್ಡಿಗಳನ್ನು ಹಂಚಿ ಮತದಾನ. ಕಡ್ಡಿ ಹಂಚುವವನು ಪಕ್ಷಪಾತ, ದ್ವೇಷ, ಮೂಢತನ, ಭಯ ಇಲ್ಲದವನಾಗಿರಬೇಕು. ಇಷ್ಟೆಲ್ಲ ಇಲ್ಲದ ಮನುಷ್ಯ ಸಿಕ್ಕ ಮೇಲೆ ಮತದಾನವಾದರೂ ಏಕೆ, ಅವನನ್ನೇ ಕೇಳಿ ಮುಗಿಸಬಹುದಿತ್ತು.

ಮತ ಹಾಕುವುದಕ್ಕೆ ಮೂರು ದಾರಿ. ಎಲ್ಲರೆದುರು ಬಹಿರಂಗವಾಗಿ, ಯಾರಿಗೂ ತೋರಿಸದೆ ಗುಟ್ಟಾಗಿ, ಇಲ್ಲವೇ ಕಿವಿಯಲ್ಲಿ ಪಿಸುಗುಟ್ಟಿ. ಗುಟ್ಟಿನ ಮತದಾನದಲ್ಲೊಂದು ತಮಾಷೆಯಿದೆ. ಎಣಿಸಿ ನೋಡಿ, ಧರ್ಮಕ್ಕೆ ವಿರುದ್ಧವಾದ ಪಕ್ಷಕ್ಕೇ ಹೆಚ್ಚು ಕಡ್ಡಿ ಬಿದ್ದಿದ್ದರೆ, ಕಡ್ಡಿ ಸರಿಯಾಗಿ ತೆಗೆದುಕೊಳ್ಳಲಿಲ್ಲವೆಂದು ಹೇಳಿ ಇಡೀ ಮತದಾನವನ್ನೇ ರದ್ದು ಮಾಡುವ ಅಧಿಕಾರ ಕಡ್ಡಿ ಹಂಚಿದವನಿಗಿತ್ತು. ಎರಡು ಸಾವಿರದ ಚಿಲ್ಲರೆ ವರ್ಷಗಳಲ್ಲಿ ಈ ನಿಯಮ ಪುಸ್ತಕದಿಂದ ಮಾಯವಾಗಿದೆ.

ಇದನ್ನೆಲ್ಲ ಓದಿ ಎದೆಯುಬ್ಬಿಸಿಕೊಂಡವರುಂಟು. 1924ರಲ್ಲಿ ಕಾಶೀಪ್ರಸಾದ್ ಜಯಸ್ವಾಲರು 'ಹಿಂದೂ ಪಾಲಿಟಿ' ಎಂಬ ಪುಸ್ತಕ ಬರೆದು, ನಮಗೆ ಆಳಿಕೊಳ್ಳಲು ಬರುವುದಿಲ್ಲ ಎನ್ನುತ್ತಿದ್ದ ಬ್ರಿಟಿಷರ ಮುಂದೆ ಈ ಗಣಗಳನ್ನು ತಂದು ನಿಲ್ಲಿಸಿದರು. ಆ ಕಾಲಕ್ಕೆ ಅದು ಬೇಕಾಗಿತ್ತು. ಆದರೆ ಇವತ್ತು ವೈಶಾಲಿಯನ್ನು ಪ್ರಜಾಪ್ರಭುತ್ವ ಎಂದು ಕರೆಯಲು ನನಗೆ ನಾಲಿಗೆ ತಡವರಿಸುತ್ತದೆ. ಅದು ನಮ್ಮ ಅಪಾರ್ಟ್‌ಮೆಂಟುಗಳ ಮಾಲೀಕರ ಸಂಘದಂತೆ. ಮಾಲೀಕರಿಗೆ ಮಾತ್ರ ಮತ. ಬಾಡಿಗೆಯವರು, ಮನೆಗೆಲಸದವರು, ವಾಚ್‌ಮನ್ ಸಭೆಗೆ ಬರುವಂತಿಲ್ಲ, ನಿರ್ಣಯಗಳು ಬಹುಪಾಲು ಅವರ ಮೇಲೆಯೇ. ಲಿಚ್ಛವಿ ಕ್ಷತ್ರಿಯ ಮನೆಯ ಯಜಮಾನನಿಗೆ ಆಸನ. ಉಳುವ ದಾಸರಿಗೆ, ಕೂಲಿಯವರಿಗೆ, ಹೆಂಗಸರಿಗೆ ಇಲ್ಲ.

ಅಂಥ ಉಳುವವರು ಒಂದೇ ಒಂದು ಸಲ ಎಲ್ಲರ ನಡುವೆ ಬಂದು ನಿಂತದ್ದು ನೆನಪಾಗುತ್ತದೆ, ಅದೂ ಜಾತಕದ್ದೇ ಕಥೆ. ಶಾಕ್ಯರಿಗೂ ಕೋಲಿಯರಿಗೂ ನಡುವೆ ರೋಹಿಣಿ ನದಿ. ಬೇಸಗೆಯಲ್ಲಿ ನೀರು ಸಾಲದೆ ಪೈರು ಬಾಡಿತು, ಎರಡೂ ದಡದ ಕೆಲಸದವರು ನೀರು ನಮಗೆ ನಮಗೆ ಎಂದು ಕೈಗೆ ಕೈ ಹತ್ತಿಸಿಕೊಂಡರು. ನದಿ ನೀರಿನ ಜಗಳದ ಸ್ವಭಾವವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಬೈಗುಳ ಅಜ್ಜ ಮುತ್ತಜ್ಜನವರೆಗೂ ಹೋಯಿತು: ನೀವು ನಾಯಿನರಿಗಳಂತೆ ಅಕ್ಕತಂಗಿಯರನ್ನೇ ಕಟ್ಟಿಕೊಂಡವರು, ನೀವು ತೊನ್ನು ಹತ್ತಿ ಮರದ ಪೊಟರೆಯಲ್ಲಿ ಬಿದ್ದಿದ್ದವರು. ಮಾತು ಅಧಿಕಾರಿಗಳಿಗೆ ಮುಟ್ಟಿ, ಅಲ್ಲಿಂದ ರಾಜರಿಗೆ ಮುಟ್ಟಿ, ಎರಡೂ ಸೈನ್ಯ ದಡಕ್ಕೆ ಬಂದು ನಿಂತವು. ಬುದ್ಧ ಬಂದು, ಜಗಳ ಯಾತಕ್ಕಪ್ಪಾ ಎಂದ. ಗೊತ್ತಿಲ್ಲ ಸ್ವಾಮಿ ಅಂದರು ರಾಜರು. ಯಾರಿಗೆ ಗೊತ್ತು? ಸೇನಾಪತಿಗೆ ಗೊತ್ತಿರಬೇಕು. ಸೇನಾಪತಿ ಉಪರಾಜನನ್ನು ತೋರಿಸಿದ. ಹೀಗೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತ ಕೊನೆಗೆ ದಾಸರನ್ನೂ ಕೂಲಿಯವರನ್ನೂ ಕೇಳಿದಾಗ ಉತ್ತರ ಸಿಕ್ಕಿತು: ನೀರಿಗೆ. ನೀರಿಗಿಂತ ರಕ್ತ ಅಗ್ಗವೇ ಎಂದು ಬುದ್ಧ ಕೇಳಿದ, ಯುದ್ಧ ನಿಂತಿತು. ಬುದ್ಧನ ಬುದ್ಧಿವಾದವನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಮೆಚ್ಚುಗೆ, ರಾಜನಿಂದ ಕೂಲಿಯವರವರೆಗೆ ಬಿಡದೆ ಕೇಳಿಕೊಂಡು ಹೋದ ಅವನ ತಾಳ್ಮೆಯ ಮೇಲೆ.

ಗಂಗೆಯ ಆ ಕಡೆ ಮಗಧದಲ್ಲಿ ಇಂಥ ತಲೆನೋವಿಲ್ಲ. ಕಡ್ಡಿ ಹಂಚುವುದಿಲ್ಲ, ಮೂರು ಸಲ ಕೇಳುವುದಿಲ್ಲ. ಅಲ್ಲಿಯ ತಲೆನೋವು ಬೇರೆ. ರಾಜ ಬಿಂಬಿಸಾರನನ್ನು ಮಗ ಅಜಾತಶತ್ರು ಸೆರೆಗೆ ಹಾಕಿ ಉಪವಾಸ ಕೆಡವಿದ. ರಾಣಿ ಸೆರಗಿನಲ್ಲಿ, ಆಮೇಲೆ ಜಡೆಯಲ್ಲಿ ಅನ್ನ ಬಚ್ಚಿಟ್ಟು ಒಯ್ದಳು. ಅದನ್ನೂ ತಡೆದಾಗ ಮೈಗೆ ಸಿಹಿ ಹಚ್ಚಿಕೊಂಡು ಹೋಗಿ ಗಂಡನ ಜೀವ ಹಿಡಿದಳು ಎನ್ನುತ್ತದೆ ಕಥೆ. ಉಳಿಯಲಿಲ್ಲ. ಮಹಾವಂಶದ ಪ್ರಕಾರ ಅಜಾತಶತ್ರುವನ್ನು ಮಗ ಉದಯಭದ್ರ ಕೊಂದ, ಅವನನ್ನು ಅವನ ಮಗ. ಹೀಗೇ ಮುಂದುವರಿದು ಕೊನೆಗೆ ಊರ ಜನ ಇದು ಅಪ್ಪನನ್ನು ಕೊಲ್ಲುವ ವಂಶವೆಂದು ಬೇಸತ್ತು ಓಡಿಸಿ, ಶಿಶುನಾಗನೆಂಬ ಅಮಾತ್ಯನಿಗೆ ಪಟ್ಟ ಕಟ್ಟಿದರು. ಮಗಧದ ಜನರಿಗೂ ಒಂದು ಸಲ ಮತ ಚಲಾಯಿಸುವ ಯೋಗ ಬಂತೆನ್ನಿ.

ಈ ಅಜಾತಶತ್ರುವಿಗೆ ವಜ್ಜಿಗಳ ಮೇಲೆ ಕಣ್ಣು. ಗಂಗೆಯ ಬಂದರಿನ ಮಾಲು ಹಂಚಿಕೊಳ್ಳುವಲ್ಲಿ ಲಿಚ್ಛವಿಗಳು ಪ್ರತಿ ಸಲ ಮೊದಲೇ ಬಂದು ಬಾಚುತ್ತಿದ್ದರೆಂದು ಬೌದ್ಧರು ಹೇಳಿದರೆ, ಒಂದು ಆನೆ ಮತ್ತು ಒಂದು ಹಾರಕ್ಕಾಗಿ ಜಗಳವಾಯಿತೆಂದು ಜೈನರು ಹೇಳುತ್ತಾರೆ. ಕಾರಣ ಯಾವುದಾದರೂ ಇರಲಿ, ಅವನು ಮಂತ್ರಿ ವಸ್ಸಕಾರನನ್ನು ಬುದ್ಧನ ಬಳಿ ಕಳಿಸಿದ, ಗೆಲ್ಲುತ್ತೇನೋ ಇಲ್ಲವೋ ಕೇಳಿಕೊಂಡು ಬಾ ಎಂದು. ಬುದ್ಧ ಮಂತ್ರಿಯ ಕಡೆ ತಿರುಗಲಿಲ್ಲ, ಹಿಂದೆ ನಿಂತು ಬೀಸಣಿಗೆ ಬೀಸುತ್ತಿದ್ದ ಶಿಷ್ಯ ಆನಂದನನ್ನು ಕೇಳಿದ: ವಜ್ಜಿಗಳು ಆಗಾಗ ಸಭೆ ಸೇರುತ್ತಾರೆಯೇ? ಒಟ್ಟಾಗಿ ಸೇರಿ ಒಟ್ಟಾಗಿ ಏಳುತ್ತಾರೆಯೇ? ಹಳೆಯ ಕಟ್ಟಳೆ ಮೀರದೆ, ಹಿರಿಯರ ಮಾತು ಕೇಳಿ, ಹೆಣ್ಣುಮಕ್ಕಳನ್ನು ಬಲಾತ್ಕಾರದಿಂದ ಎಳೆದೊಯ್ಯದೆ ಇದ್ದಾರೆಯೇ? ಏಳು ಪ್ರಶ್ನೆ, ಏಳಕ್ಕೂ ಹೌದು ಎಂಬ ಉತ್ತರ. ಹಾಗಿದ್ದಷ್ಟು ಕಾಲ ಅವರಿಗೆ ಏಳಿಗೆಯೇ ಹೊರತು ಇಳಿಗಾಲವಿಲ್ಲ ಎಂದ ಬುದ್ಧ. ವಸ್ಸಕಾರ ಜಾಣ. ಯುದ್ಧದಿಂದ ಆಗದು, ಒಳಗೇ ಒಡಕು ಹುಟ್ಟಿಸಬೇಕು ಎಂದು ಅರ್ಥ ಮಾಡಿಕೊಂಡು ಎದ್ದ.

ಮುಂದಿನದನ್ನು ಹೇಳುವವನು ಬೌದ್ಧ ವ್ಯಾಖ್ಯಾನಕಾರ ಬುದ್ಧಘೋಷ, ಸಿಂಹಳದಲ್ಲಿ ಕೂತು, ಸುಮಾರು ಸಾವಿರ ವರ್ಷದ ನಂತರ. ನಡೆದದ್ದು ಹೀಗೆಯೇ ಎಂದು ಯಾರೂ ಆಣೆ ಮಾಡಬೇಕಿಲ್ಲ. ಯೋಜನೆಯಂತೆ ವಸ್ಸಕಾರ ರಾಜಸಭೆಯಲ್ಲಿ ವಜ್ಜಿಗಳ ಪರ ಮಾತಾಡಿದ. ಅಜಾತಶತ್ರು ಅವನ ತಲೆ ಬೋಳಿಸಿ ಹೊರಗಟ್ಟಿದ. ಇವನನ್ನು ಹೊಳೆ ದಾಟಿಸಬೇಡಿ, ಮೋಸಗಾರ ಎಂದರು ಕೆಲವು ಲಿಚ್ಛವಿಗಳು. ಪಾಪ, ನಮ್ಮ ಪರ ಮಾತಾಡಿದ್ದಕ್ಕೇ ಹೀಗಾಯಿತು ಎಂದರು ಹಲವರು. ಬಂದವನಿಗೆ ಮಗಧದಲ್ಲಿದ್ದ ಹುದ್ದೆಯನ್ನೇ ಕೊಟ್ಟರು. ನ್ಯಾಯ ಹೇಳುತ್ತ, ಮಕ್ಕಳಿಗೆ ವಿದ್ಯೆ ಕಲಿಸುತ್ತ ಎಲ್ಲರಿಗೂ ಬೇಕಾದವನಾದ.

ಆಮೇಲೆ ಒಂದು ದಿನ ಒಬ್ಬ ಲಿಚ್ಛವಿಯನ್ನು ಬದಿಗೆ ಕರೆದು ಕಿವಿಯಲ್ಲಿ ಕೇಳಿದ: ಹೊಲ ಉಳುತ್ತೀರಾ?

ಹೂಂ, ಉಳುತ್ತೇವೆ.

ಜೋಡಿ ಎತ್ತು ಕಟ್ಟಿ?

ಹೌದು, ಜೋಡಿ ಎತ್ತು ಕಟ್ಟಿ.

ಅಷ್ಟೇ. ಮಂತ್ರಿ ಹೊರಟುಹೋದ. ದೂರದಿಂದ ನೋಡುತ್ತಿದ್ದವನು ಓಡಿಬಂದು, ಏನಂತೆ ಆಚಾರ್ಯರು ಎಂದ. ಎತ್ತಿನ ವಿಚಾರ ಕೇಳಿದರು. ಎತ್ತಿನ ವಿಚಾರಕ್ಕೆ ಕಿವಿಯಲ್ಲಿ ಮಾತೇ? ನನ್ನ ಹತ್ತಿರ ಮುಚ್ಚಿಡುತ್ತೀಯಲ್ಲ! ಮರುದಿನ ಇನ್ನೊಬ್ಬನನ್ನು ಬದಿಗೆ ಕರೆದ: ಇವತ್ತೇನು ಸಾರು? ಅವನು ಇದ್ದದ್ದು ಹೇಳಿದ. ಗೆಳೆಯ ನಂಬಲಿಲ್ಲ. ಸಾರಿನ ವಿಚಾರವಂತೆ, ಸಾರಿನ ವಿಚಾರ!

ಬೆಳಗಿನಿಂದ ರಾತ್ರಿಯವರೆಗೆ ಕನ್ನಡಿಗರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಇದು. ಇದರಿಂದ ಒಂದು ರಾಜ್ಯ ಉರುಳಬಹುದೆಂದು ಯಾರಿಗೆ ಹೊಳೆಯುತ್ತದೆ? ವಸ್ಸಕಾರ ಈವರೆಗೆ ಒಂದೇ ಒಂದು ಸುಳ್ಳು ಹೇಳಿಲ್ಲ ಎಂಬುದನ್ನು ಗಮನಿಸಬೇಕು. ಹೊಲ, ಎತ್ತು, ಸಾರು, ಎಲ್ಲವೂ ನಿಜ. ಕಿವಿ ಮತ್ತು ಬದಿಗೆ ಕರೆಯುವುದು ಇಷ್ಟೇ ಅವನ ಬಂಡವಾಳ. ಸುಳ್ಳು ಬಂದದ್ದು ಆಮೇಲೆ, ನೆಲ ಹದವಾದ ಮೇಲೆ: ನೀನು ಬಡವನಂತೆ, ನಿಜವೇ? ನೀನು ಹೇಡಿಯಂತೆ? ಯಾರು ಹೇಳಿದ್ದು? ಇಂಥವನು. ಮೂರು ವರ್ಷ ಹಿಡಿಯಿತು. ಒಂದೇ ದಾರಿಯಲ್ಲಿ ಇಬ್ಬರು ಲಿಚ್ಛವಿಗಳು ನಡೆಯದಂತಾದಾಗ, ಪರೀಕ್ಷೆಗೆಂದು ಸಭೆಯ ಭೇರಿ ಹೊಡೆಸಿದ. ಒಬ್ಬನೂ ಬರಲಿಲ್ಲ. ಶ್ರೀಮಂತರು ಸೇರಲಿ, ಶೂರರು ಸೇರಲಿ, ನಾವು ಬಡವರು, ಹೇಡಿಗಳು ಎಂದು ಮನೆಯಲ್ಲೇ ಕೂತರು. ಅಜಾತಶತ್ರು ಬಂದಾಗ ಊರ ಬಾಗಿಲು ತೆರೆದೇ ಇತ್ತು.

ಕಿವಿಯಲ್ಲಿ ಪಿಸುಗುಟ್ಟುವುದು ಮತದಾನದ ಒಂದು ಮಾನ್ಯ ದಾರಿಯಾಗಿತ್ತಲ್ಲ, ಅದೇ ಕಿವಿಯಿಂದ ಶತ್ರು ಒಳಗೆ ಬಂದ. ಸಭೆಯ ಜಗಳಕ್ಕೆ ವೈಶಾಲಿ ಹೆದರಬೇಕಾಗಿರಲಿಲ್ಲ, ಅದಕ್ಕೆ ಕಡ್ಡಿಗಳಿದ್ದವು. ಸಭೆಯ ಹೊರಗಿನ ಪಿಸುಮಾತಿಗೆ ಯಾವ ನಿಯಮವನ್ನೂ ಅವರು ಬರೆದಿರಲಿಲ್ಲ. ಇನ್ನೊಂದು ಚೋದ್ಯ: ಇದೇ ವಸ್ಸಕಾರ ವಜ್ಜಿಗಳನ್ನು ತಡೆಯಲು ಗಂಗೆಯ ದಡದ ಪಾಟಲಿಗ್ರಾಮದಲ್ಲಿ ಕೋಟೆ ಕಟ್ಟಿಸುತ್ತಿದ್ದಾಗ ಬುದ್ಧ ಆ ದಾರಿಯಲ್ಲಿ ಹೋದನಂತೆ. ಇದು ದೊಡ್ಡ ನಗರವಾಗುತ್ತದೆ, ಇದಕ್ಕೆ ಮೂರು ಕಡೆಯಿಂದ ಅಪಾಯ, ಬೆಂಕಿ, ನೀರು ಮತ್ತು ಒಳಜಗಳ ಎಂದನಂತೆ. ಮೂರನೆಯದರಲ್ಲಿ ಪರಿಣತನಾದವನೇ ಕಟ್ಟಡದ ಮೇಸ್ತ್ರಿಕೆ ನೋಡುತ್ತಿದ್ದ.

ಆ ಪಾಟಲಿಪುತ್ರವೇ ಮೌರ್ಯರ ರಾಜಧಾನಿಯಾಯಿತು. ಕೌಟಿಲ್ಯ ಅರ್ಥಶಾಸ್ತ್ರದಲ್ಲಿ ಗಣಗಳಿಗಾಗಿಯೇ ಒಂದು ಅಧಿಕರಣ ಮೀಸಲಿಟ್ಟು, ಲಿಚ್ಛವಿ ಮಲ್ಲರಂಥವರನ್ನು ರಾಜ ಎಂಬ ಬಿರುದಿನ ಮೇಲೆ ಬದುಕುವವರು ಎಂದು ಚುಚ್ಚಿ, ಅವರನ್ನು ಒಡೆಯುವ ಉಪಾಯಗಳನ್ನು ವಿಸ್ತಾರವಾಗಿ ಬರೆದಿದ್ದಾನೆ. ಜೂಜು, ಹೆಣ್ಣು, ಹಳೆಯ ಹಗೆ ಎಲ್ಲ ಇವೆ. ಎತ್ತು, ಸಾರು ಇಲ್ಲ. ವಸ್ಸಕಾರನ ಸರಳತೆ ಅವನಿಗೆ ಒಗ್ಗಲಿಲ್ಲ.

ಲಿಚ್ಛವಿಗಳು ಅಷ್ಟಕ್ಕೇ ಮುಗಿಯಲಿಲ್ಲ ಅನ್ನುವುದು ನನಗೆ ಖುಷಿಯ ವಿಷಯ. ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಗುಪ್ತರ ಮೊದಲನೆಯ ಚಂದ್ರಗುಪ್ತ ಲಿಚ್ಛವಿ ಮನೆತನದ ಕುಮಾರದೇವಿಯನ್ನು ಮದುವೆಯಾದ. ಚಿನ್ನದ ನಾಣ್ಯದಲ್ಲಿ ಗಂಡ ಹೆಂಡತಿ ಎದುರುಬದುರು ನಿಂತಿದ್ದಾರೆ, ಹಿಂಬದಿಯಲ್ಲಿ ಲಿಚ್ಛವಿಗಳ ಹೆಸರು. ಮಾವನ ಮನೆಯ ಹೆಸರನ್ನು ನಾಣ್ಯದ ಮೇಲೆ ಹಾಕಿಸಿದ ಅಳಿಯ ಸಿಗುವುದು ಅಪರೂಪ. ಅವರ ಮಗ ಸಮುದ್ರಗುಪ್ತ ಪ್ರಯಾಗದ ಕಂಬದ ಪ್ರಶಸ್ತಿಯಲ್ಲಿ ತಾನು ಲಿಚ್ಛವಿಗಳ ಮಗಳ ಮಗನೆಂದು ಬರೆಸಿಕೊಂಡಿದ್ದಾನೆ. ಅದೇ ಕಂಬದಲ್ಲಿ, ಕೆಲವೇ ಸಾಲುಗಳ ಮೇಲೆ, ಅಂದಿಗೂ ಗಣಗಳಾಗಿ ಬದುಕಿದ್ದ ಮಾಲವರು, ಯೌಧೇಯರು ತನಗೆ ಕಪ್ಪ ಕೊಟ್ಟು ಅಡ್ಡಬಿದ್ದರೆಂದೂ ಬರೆಸಿದ್ದಾನೆ.