ತೂತು ಒಂದೇ, ತಂತಿ ಬೇರೆ

ಲ್ಯಾಪ್‌ಟಾಪಿಗೆ ಮಾನಿಟರ್ ಜೋಡಿಸುವುದೇನು ಘನಂದಾರಿ ಕೆಲಸವಲ್ಲ. ಒಂದು ವಾಯರು, ಆ ತುದಿಗೊಂದು ತೂತು, ಈ ತುದಿಗೊಂದು ತೂತು. ಇಷ್ಟನ್ನೇ ನಂಬಿಕೊಂಡು ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನ ಸಲಗರದಿಂದ ಎಸ್‌ಟಿ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದವರು ಸಂಜೆ ವಾಯರು ತರುತ್ತಾರೆ, ರಾತ್ರಿ ಜೋಡಿಸುತ್ತಾರೆ, ಬೆಳಗಾದರೆ ಅದನ್ನು ಬದಲಿಸಲು ಮತ್ತೆ ಎಸ್‌ಟಿಗೆ ಕೈ ಮಾಡುತ್ತಾರೆ. ತಂತ್ರಜ್ಞಾನದಿಂದ ಹಳ್ಳಿಗೆ ಏನೂ ಉಪಯೋಗವಾಗಿಲ್ಲ ಎನ್ನಬೇಡಿ. ಬಸ್ಸಿಗೆ ಗಿರಾಕಿ ಹೆಚ್ಚಿದ್ದಾರೆ.

ಸಲಗರದಂಥ ಊರಲ್ಲಿ ಎರಡನೇ ಪರದೆ ಯಾರಿಗೆ ಬೇಕಪ್ಪಾ ಎಂದು ಬೆಂಗಳೂರಿನವರು ಹುಬ್ಬೇರಿಸುವುದೂ ಬೇಡ. 2020ರ ಲಾಕ್‌ಡೌನಿನಲ್ಲಿ ಪುಣೆಯ ಹಿಂಜವಡಿಯ ಐಟಿ ಕಂಪನಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ಹುಡುಗರು ಈ ಕಡೆಯ ಹಳ್ಳಿಗಳಲ್ಲೆಲ್ಲ ಇದ್ದಾರೆ. ತೊಗರಿ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ಪರದೇಶದ ಬ್ಯಾಂಕಿನ ಲೆಕ್ಕ ನೋಡುವ ರೂಢಿ ಆಗಲೇ ಬಿತ್ತು. ಹದಿನಾಲ್ಕು ಇಂಚಿನಲ್ಲಿ ಮೀಟಿಂಗೂ ಎಕ್ಸೆಲ್ಲೂ ಒಟ್ಟಿಗೆ ಹಿಡಿಸುವುದಿಲ್ಲ. ಆನ್‌ಲೈನ್ ಸೇವಾ ಕೇಂದ್ರ ನಡೆಸುವವನಿಗೂ ಬೇಕು: ಸಾತಬಾರಾ ಉತಾರೆಯಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ತನ್ನ ಹೆಸರು ನೆಟ್ಟಗಿದೆಯೇ ಎಂದು ರೈತ ತಾನೇ ನೋಡಿಕೊಳ್ಳಲು ಆ ಕಡೆ ಮುಖ ಮಾಡಿದ ಒಂದು ಪರದೆ. (ಕನ್ನಡ ಶಾಲೆಯಲ್ಲಿ ಕಲಿತ ರೈತನಿಗೆ ಉತಾರೆಯ ಮರಾಠಿ ಎಷ್ಟು ದೊಡ್ಡ ಪರದೆಯಲ್ಲಿ ತೋರಿಸಿದರೂ ಮರಾಠಿಯೇ. ಆ ಮಾತು ಈಗ ಬೇಡ.)

ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ (ಝೆಡ್‌ಪಿ) ಶಾಲೆಯ ಮಾಸ್ತರರಿಗೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಕೊಂಕು ಆಡುವವರೂ ಇದನ್ನು ಒಪ್ಪಬೇಕು. ಪುಸ್ತಕದಲ್ಲಿ ಕ್ಯೂಆರ್ ಕೋಡೂ ಉಂಟು. ಮೊಬೈಲು ಹಿಡಿದರೆ ಪಾಠದ ಚಿತ್ರ ತೆರೆದುಕೊಳ್ಳುತ್ತದೆ. ಅಂಗೈಯಷ್ಟು ಚಿತ್ರವನ್ನು ಇಡೀ ವರ್ಗಕ್ಕೆ ತೋರಿಸುವುದು ಹೇಗೆ? ಅದಕ್ಕೇ ಊರವರು ಲೋಕವರ್ಗಣಿ, ಅಂದರೆ ಊರ ವಂತಿಗೆ, ಕೂಡಿಸಿ ಪ್ರೊಜೆಕ್ಟರನ್ನೋ ಟಿವಿಯನ್ನೋ ತಂದು, ಸರಪಂಚರ ಕೈಯಿಂದ ಕಾಯಿ ಒಡೆಸಿ, ಗೋಡೆಯ ಮೇಲೆ 'ಡಿಜಿಟಲ್ ಶಾಲೆ' ಎಂದು ದಪ್ಪ ಅಕ್ಷರದಲ್ಲಿ ಬರೆಸುತ್ತಾರೆ. ಬಣ್ಣ ಒಣಗುವ ತನಕ ಎಲ್ಲ ಸುಸೂತ್ರ. ಆಮೇಲೆ ಮಾಸ್ತರರು ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತಾರೆ.

ಹಳೆಯ ಪ್ರೊಜೆಕ್ಟರಿನ ಬೆನ್ನಿಗಿರುವುದು ನೀಲಿ ಬಣ್ಣದ ವಿಜಿಎ. ಐಬಿಎಂ ಕಂಪನಿ 1987ರಲ್ಲಿ ತಂದದ್ದು. ಮೂರು ಸಾಲಿನಲ್ಲಿ ಹದಿನೈದು ಪಿನ್ನು, ಎರಡು ಬದಿಗೆ ಎರಡು ಸ್ಕ್ರೂ. ತಿರುವಿ ಬಿಗಿದರೆ, ಯಾರಾದರೂ ವಾಯರು ಎಡವಿದಾಗ ವಾಯರು ಕಳಚುತ್ತಿರಲಿಲ್ಲ, ಪ್ರೊಜೆಕ್ಟರೇ ಕೆಳಗಿಳಿಯುತ್ತಿತ್ತು. ಅಂಥ ನಿಷ್ಠೆ. 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಒಟ್ಟಿಗೆ ಕೂತು ಈ ಮುದುಕನನ್ನು ಮನೆಗೆ ಕಳಿಸುವ ಠರಾವು ಮಾಡಿದವು. 2015 ಅದರ ಗಡುವು. ಠರಾವಿನ ಪ್ರತಿ ಅಕ್ಕಲಕೋಟ ತಾಲ್ಲೂಕಿಗೆ ಇನ್ನೂ ಬಂದಂತಿಲ್ಲ. ಪ್ರೊಜೆಕ್ಟರಿನಲ್ಲಿ ವಿಜಿಎ ಗಟ್ಟಿಯಾಗಿ ಕೂತಿದೆ, ಲ್ಯಾಪ್‌ಟಾಪಿನಲ್ಲಿ ಅದರ ಹೆಸರೂ ಇಲ್ಲ.

ನಡುವೆ 2002ರಲ್ಲಿ ಏಳು ಕಂಪನಿಗಳು ಕೂಡಿ ಎಚ್‌ಡಿಎಂಐ ಎಂಬ ಹತ್ತೊಂಬತ್ತು ಪಿನ್ನಿನ ಚಪ್ಪಟೆ ಮುಖದ್ದನ್ನು ತಂದವು. ಅದಕ್ಕೆ ಮಿನಿ ಎಂಬ ತಮ್ಮ, ಮೈಕ್ರೊ ಎಂಬ ಕಿರಿಯ ತಮ್ಮ. 2006ರಲ್ಲಿ ಡಿಸ್‌ಪ್ಲೇಪೋರ್ಟ್ ಬಂತು. ಅದಕ್ಕೂ ಒಂದು ಮಿನಿ. ಪ್ರತಿ ಸಲವೂ ಹೇಳಿದ ಮಾತು ಒಂದೇ, ಇನ್ನು ಮೇಲೆ ಇದೊಂದೇ ಸಾಕು. ಹಾಗೆ ಹೇಳಿದಾಗಲೆಲ್ಲ ಮಾಸ್ತರರ ಟೇಬಲ್ಲಿನ ಖಣದಲ್ಲಿ ಒಂದು ವಾಯರು ಹೆಚ್ಚಾಗಿದೆ.

ಈ ಗೊಂದಲದಲ್ಲಿ ದುಡ್ಡು ಮಾಡಿದ್ದು ಕನ್ವರ್ಟರು. ಅದರ ಗುಣವನ್ನು ಬಲ್ಲವರೇ ಬಲ್ಲರು. ಎಚ್‌ಡಿಎಂಐ ಲ್ಯಾಪ್‌ಟಾಪಿನಿಂದ ವಿಜಿಎ ಪ್ರೊಜೆಕ್ಟರಿಗೆ ಹೋಗುವ ಕನ್ವರ್ಟರು ವಿಜಿಎ ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಟಿವಿಗೆ ಬರುವುದಿಲ್ಲ. ಅದಕ್ಕೆ ಇನ್ನೊಂದು ಕೊಳ್ಳಬೇಕು. ನೋಡಲು ಎರಡೂ ಅವಳಿ. ಯಾವ ಕಡೆಯಿಂದ ಯಾವ ಕಡೆಗೆ ಎಂದು ಮೇಲೆ ಬಾಣದ ಗುರುತು ಇರುತ್ತದೆ; ಆ ಬಾಣದ ಮೇಲೆಯೇ ಬೆಲೆಯ ಚೀಟಿ ಅಂಟಿಸಿರುತ್ತಾರೆ.

ಇಷ್ಟೆಲ್ಲ ಆದ ಮೇಲೆ 2014ರಲ್ಲಿ ಯುಎಸ್‌ಬಿ ಟೈಪ್-ಸಿ ಅವತರಿಸಿತು. ಇಪ್ಪತ್ನಾಲ್ಕು ಪಿನ್ನು, ಹೇಗೆ ತಿರುಗಿಸಿ ಹಾಕಿದರೂ ಒಳಗೆ ಹೋಗುತ್ತದೆ. ಚಾರ್ಜು ಇದರಲ್ಲೇ, ಪೆನ್‌ಡ್ರೈವು ಇದರಲ್ಲೇ, ಮಾನಿಟರಿನ ಚಿತ್ರವೂ ಇದರಲ್ಲೇ. ಯುರೋಪಿನವರು ಕಾನೂನೇ ಮಾಡಿ 2024ರ ಕೊನೆಗೆ ಹೊಸ ಮೊಬೈಲುಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿದರು; ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ ಗಡುವು. ತೂತಿನ ಆಕಾರ ಜಗತ್ತಿಗೆಲ್ಲ ಒಂದಾಯಿತು. ಆದರೆ ಆ ಕಾನೂನಿಗೆ ಚಾರ್ಜಿನ ಚಿಂತೆ ಮಾತ್ರ. ಚಿತ್ರ ಬರಬೇಕೋ ಬೇಡವೋ ಎಂಬುದು ಕಂಪನಿಯವರ ಮರ್ಜಿ.

ಮರ್ಜಿ ಎಂದರೆ ಹೀಗೆ. ಟೈಪ್-ಸಿ ತೂತಿನಿಂದ ಚಿತ್ರ ಹೊರಬರಬೇಕಾದರೆ ಲ್ಯಾಪ್‌ಟಾಪಿನೊಳಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ವ್ಯವಸ್ಥೆ ಇರಬೇಕು, ಇಲ್ಲವೇ ಥಂಡರ್‌ಬೋಲ್ಟ್ ಇರಬೇಕು. ಇದ್ದರೆ ತೂತಿನ ಪಕ್ಕದಲ್ಲಿ ಸಣ್ಣ ಗುರುತು ಹಾಕಬಹುದು. ಹಾಕಲೇಬೇಕೆಂದೇನಿಲ್ಲ. ಆದ್ದರಿಂದ ಗುರುತಿಲ್ಲದ ತೂತಿನಲ್ಲಿ ಚಿತ್ರ ಬಂದೀತು. ಎರಡು ತೂತಿರುವ ಲ್ಯಾಪ್‌ಟಾಪಿನಲ್ಲಿ ಎಡಗಡೆಯದರಲ್ಲಿ ಬಂದು ಬಲಗಡೆಯದರಲ್ಲಿ ಬಾರದೆ ಇದ್ದೀತು. ಲ್ಯಾಪ್‌ಟಾಪಿನಲ್ಲಿ ಇದ್ದೂ ವಾಯರಿನಲ್ಲಿ ಇಲ್ಲದಿದ್ದರೆ ಮುಗಿಯಿತು. ಮೊಬೈಲಿನ ಡಬ್ಬಿಯಲ್ಲಿ ಬರುವ ಟೈಪ್-ಸಿ ವಾಯರು ಸಾಮಾನ್ಯವಾಗಿ ಯುಎಸ್‌ಬಿ 2.0 ಜಾತಿಯದು, ಅಂದರೆ 2000ನೇ ಇಸವಿಯ ಲೆಕ್ಕದ್ದು. ಚಿತ್ರ ಸಾಗಿಸುವ ತಂತಿಗಳು ಅದರೊಳಗೆ ಇರುವುದೇ ಇಲ್ಲ. ಹೊರಗಿನ ಮುಖ ಮಾತ್ರ ಇಪ್ಪತ್ತೊಂದನೇ ಶತಮಾನದ್ದು. ಬಾಯಿಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದ ಮಗುವಿನ ಹಾಗೆ ಎರಡೂ ತುದಿ ಸಿಕ್ಕಿಸಿಕೊಂಡು ಸುಮ್ಮನೆ ಕೂತಿರುತ್ತದೆ.

ಶ್ರೀಮಂತರಿಗಾದರೂ ಸುಖವಿದೆಯೇ ಎಂದರೆ, 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಕೊಂಡವರನ್ನು ಕೇಳಿ. ಲಕ್ಷದ ಹತ್ತಿರ ಸುರಿದರೂ ಆಪಲ್ ಒಪ್ಪಿದ್ದು ಒಂದೇ ಹೊರಗಿನ ಮಾನಿಟರು. ತೂತು ಎರಡಿದ್ದವು.

ಹೆಸರಿನ ಗೊಂದಲ ಇನ್ನೊಂದು. 2008ರಲ್ಲಿ ಯುಎಸ್‌ಬಿ 3.0 ಬಂತು, ಸೆಕೆಂಡಿಗೆ 5 ಗಿಗಾಬಿಟ್ ವೇಗ. ಮುಂದೆ ಅದನ್ನೇ ಯುಎಸ್‌ಬಿ 3.1 ಜೆನ್ 1 ಎಂದು ಕರೆದರು. ಅದಾದ ಮೇಲೆ ಯುಎಸ್‌ಬಿ 3.2 ಜೆನ್ 1. ವೇಗ ಆಗಲೂ 5, ಈಗಲೂ 5. ಊರಿಗೆ ಹೊಸ ಫಲಕ ಹಾಕಿ ಹಳೆಯ ಕೆರೆಯನ್ನೇ ತೋರಿಸುವ ನಮ್ಮ ಯೋಜನೆಗಳು ಇವರಿಂದ ಕಲಿತವೋ, ಇವರು ನಮ್ಮಿಂದ ಕಲಿತರೋ ಸಂಶೋಧನೆ ಆಗಬೇಕು. ಎಚ್‌ಡಿಎಂಐ ಲೈಸೆನ್ಸ್ ಕೊಡುವವರು ಒಂದು ಹೆಜ್ಜೆ ಮುಂದೆ. 2021ರ ಡಿಸೆಂಬರಿನಲ್ಲಿ ಬಯಲಾದ ಪ್ರಕಾರ, ಅವರ ಲೆಕ್ಕದಲ್ಲಿ ಎಚ್‌ಡಿಎಂಐ 2.0 ಎಂಬುದು ಈಗ ಇಲ್ಲವೇ ಇಲ್ಲ; ಅದು 2.1ರೊಳಗೆ ಸೇರಿಹೋಗಿದೆ. ಹಾಗಾದರೆ 2.1ರ ಹೊಸ ಸೌಲಭ್ಯಗಳು? ಅವು ಐಚ್ಛಿಕ. ಹಳೆಯ 2.0 ಮಾಲಿನ ಮೇಲೆ 2.1 ಎಂದು ಬರೆದು ಮಾರಿದರೂ ನಿಯಮಕ್ಕೆ ಭಂಗವಿಲ್ಲ. ನಮ್ಮ ಸಂತೆಯಲ್ಲಿ ಜೋಳಕ್ಕೆ ಹೀಗೆ ಹೆಸರಿಟ್ಟವನನ್ನು ಎರಡನೇ ವಾರ ಕೂರಲು ಬಿಡುವುದಿಲ್ಲ.

ಇನ್ನು ಸೊಲ್ಲಾಪುರದ ಅಂಗಡಿ. ಯಾವ ಅಂಗಡಿ ಎಂದು ಕೇಳಬೇಡಿ, ಎಲ್ಲ ಅಂಗಡಿಯಲ್ಲೂ ನಡೆಯುವ ಸಂವಾದ ಇದೇ.

"ತಮ್ಮಾ, ಈ ಟೈಪ್-ಸಿ ವಾಯರಿನ್ಯಾಗ ವಿಡಿಯೊ ಬರ್ತದನ?"

"ಬರ್ತದ್ರಿ ಗುರೂಜಿ. ಟೈಪ್-ಸಿ ಅಂದ್ರ ಟೈಪ್-ಸಿ. ಎಲ್ಲಾ ಚಾಲತದ."

"ಆಲ್ಟ್ ಮೋಡ್ ಅದ ಅಂತ ಬರದಿಲ್ಲಲ್ಲೋ?"

"ಬರ್ಯೂದೇನದರಿ? ಹಚ್ಚಿ ನೋಡ್ರಿ. ಬಂದ್ರ ಅದ, ಬರಲಿಕ್ರ ನಿಮ್ಮ ಲ್ಯಾಪ್‌ಟಾಪದ್ದು ಪ್ರಾಬ್ಲೆಮ್ ಅದ."

"ವಾಪಸ್ ತಗೋತೀ?"

"ಪಾಕೀಟ ಹರದ ಮ್ಯಾಲ ಹೆಂಗ ತಗೊಳ್ಳೂದ್ರಿ?"

ಪಾಕೀಟು ಹರಿಯದೆ ಹಚ್ಚಿ ನೋಡುವ ಉಪಾಯವನ್ನು ಮಾತ್ರ ಅವನು ಹೇಳುವುದಿಲ್ಲ. ತಪ್ಪು ಹುಡುಗನದಲ್ಲ. ಅವನ ಕೈಗೆ ಬಂದ ಡಬ್ಬಿಯ ಮೇಲೆ '4ಕೆ', 'ಅಲ್ಟ್ರಾ', 'ಪ್ರೊ' ಎಂದು ಬಂಗಾರದ ಬಣ್ಣದಲ್ಲಿ ಬರೆದಿದೆ. ಒಳಗೆ ಎಷ್ಟು ತಂತಿ ಎಂದು ಎಲ್ಲೂ ಬರೆದಿಲ್ಲ. ಇಂಜಿನಿಯರುಗಳು ಮಾಡಬೇಕಾದ ಪರೀಕ್ಷೆಯನ್ನು ದುಡ್ಡು ಕೊಟ್ಟು ಗಿರಾಕಿ ಮಾಡಬೇಕು ಎಂಬುದೇ ಈ ವ್ಯಾಪಾರದ ಮರ್ಮ.

ಕೊನೆಗೂ ಸರಿಯಾದ ವಾಯರು ಬಂತು ಎನ್ನೋಣ. ಪರದೆಯ ಮೇಲೆ 'ನೋ ಸಿಗ್ನಲ್'. ಇಲ್ಲಿ ವಾಯರಿನ ತಪ್ಪಿಲ್ಲ. ಮಾನಿಟರು ಇನ್ನೂ ವಿಜಿಎ ಕಡೆಗೇ ಕಿವಿಗೊಟ್ಟು ಕೂತಿದೆ; ಸೋರ್ಸ್ ಗುಂಡಿ ಒತ್ತಿ ಎಚ್‌ಡಿಎಂಐಗೆ ತಿರುಗಿಸಬೇಕು. ಗುಂಡಿ ಮಾನಿಟರಿನ ಹೊಟ್ಟೆಯ ಕೆಳಗೆ ಕಣ್ಣಿಗೆ ಕಾಣದ ಜಾಗದಲ್ಲಿದೆ, ಕಪ್ಪು ಮೈಯಲ್ಲಿ ಕಪ್ಪು ಅಕ್ಷರ. ಮೊದಲು ಸಿಕ್ಕುವುದು ಮಾನಿಟರನ್ನೇ ಆಫ್ ಮಾಡುವ ಗುಂಡಿ.

ಅದೂ ದಾಟಿದರೆ ವಿಂಡೋಸ್ ಕೀ ಹಿಡಿದು ಪಿ ಒತ್ತಬೇಕು. ನಾಲ್ಕು ಆಯ್ಕೆ ಬರುತ್ತವೆ: ಮೊದಲ ಪರದೆ ಮಾತ್ರ, ನಕಲು, ವಿಸ್ತರಣೆ, ಎರಡನೇ ಪರದೆ ಮಾತ್ರ. ಪೇಟೆಯವರಿಗೆ ಇದನ್ನು ವಿವರಿಸಬೇಕು. ಅಕ್ಕಲಕೋಟದವರು ಹುಟ್ಟಿದಾಗಿನಿಂದ ಇದರಲ್ಲೇ ಇದ್ದಾರೆ. ಮುಂಬಯಿಯಲ್ಲಿ ಕೂತವರಿಗೆ ಮೊದಲ ಪರದೆ ಮಾತ್ರ. ಕನ್ನಡ ಶಾಲೆಗೂ ಸರಕಾರಿ ಆದೇಶ (ಜಿ.ಆರ್.) ಮರಾಠಿಯಲ್ಲೇ. ತಹಸೀಲ ಕಚೇರಿಯ ಜೀವಾಳ ನಕಲು. ಆಧಾರಿನದು ಎರಡು, ರೇಶನ್ ಕಾರ್ಡಿನದು ಎರಡು. ವಿಸ್ತರಣೆ ಬೆಂಗಳೂರಿನವರ ಪ್ರೀತಿಯ ಆಯ್ಕೆ, ಚುನಾವಣೆ ಹತ್ತಿರ ಬಂದಾಗ ಒತ್ತುತ್ತಾರೆ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟದ ಕನ್ನಡ ಪ್ರದೇಶಗಳು ಕರ್ನಾಟಕಕ್ಕೆ ಸೇರಬೇಕು ಎಂದರು. ಕರ್ನಾಟಕದ ವಿಧಾನಸಭಾ ಮತದಾನಕ್ಕೆ ಆಗ ಆರು ತಿಂಗಳೂ ಇರಲಿಲ್ಲ. ಮತ ಹಾಕುವವರು ಸಲಗರದವರಲ್ಲ ಎಂಬುದು ಸಣ್ಣ ವಿಷಯ.

ವಿಸ್ತರಣೆ ಒತ್ತಿದ ಮೇಲೆ ನಿಜವಾದ ಗಡಿ ತಂಟೆ. ಸೆಟ್ಟಿಂಗ್ ತೆರೆದರೆ 1, 2 ಎಂದು ಎರಡು ಚೌಕ ಕಾಣುತ್ತವೆ. ಮಾನಿಟರು ಟೇಬಲ್ಲಿನ ಎಡಕ್ಕಿದೆ, ಚೌಕ ಬಲಕ್ಕಿದೆ. ಮೌಸನ್ನು ಎಡಕ್ಕೆ ಎಳೆದರೆ ಗೋಡೆಗೆ ಬಡಿದಂತೆ ನಿಲ್ಲುತ್ತದೆ, ಬಲಕ್ಕೆ ಎಳೆದರೆ ಎಡಗಡೆಯ ಮಾನಿಟರಿನಲ್ಲಿ ಏಳುತ್ತದೆ. ಎರಡು ಚೌಕ ಎಲ್ಲಿ ಅಂಟಿವೆಯೋ ಅಲ್ಲಿ ಮಾತ್ರ ದಾರಿ. ಲೈಟ್ ಹೋದರೆ ಇನ್ನೂ ಚೆಂದ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಾನಿಟರಿಗಿಲ್ಲ. ಆ ಕಡೆ ಇಟ್ಟ ಕಿಟಕಿಗಳೆಲ್ಲ ಈ ಕಡೆಗೆ ದಬದಬ ಬಂದು ಬೀಳುತ್ತವೆ. ಒಂದೆರಡು ಅತ್ತಲೇ ಉಳಿದು ಎಲ್ಲಿಗೆ ಸೇರಿದವೆಂದು ತಿಳಿಯದೆ ಹೋಗುತ್ತವೆ.

ಒಂದು ಸವಲತ್ತು ಮಾತ್ರ ಇದೆ. ಇಲ್ಲಿ ಗಡಿ ಸರಿಸಲು ಆಯೋಗ ಬೇಡ. ಚೌಕ ಹಿಡಿದು ಆ ಕಡೆ ಎಳೆದರಾಯಿತು. ಎರಡು ರಾಜ್ಯಗಳ ಗಡಿ ತಂಟೆ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಿ ಎಂದಿತು. ಆಯೋಗ ಬೇಕೆಂದು ಹಟ ಹಿಡಿದ ಮಹಾರಾಷ್ಟ್ರವೇ ವರದಿಯನ್ನು ಒಪ್ಪಲಿಲ್ಲ. ಒಪ್ಪಿದ ಕರ್ನಾಟಕ ಅಕ್ಕಲಕೋಟವನ್ನು ಭಾಷಣಕ್ಕೆ ಇಟ್ಟುಕೊಂಡಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಅದೂ ಬೆಳಗಾವಿಯ ಕಡೆಯ ಚೌಕ ಎಳೆಯಲು.

ಪರದೆಯ ಸೆಟ್ಟಿಂಗ್ ಬದಲಿಸಿದ ಮೇಲೆ ವಿಂಡೋಸ್ ಒಂದೊಂದು ಸಲ ಕೇಳುತ್ತದೆ, ಈ ಬದಲಾವಣೆ ಉಳಿಸಿಕೊಳ್ಳಬೇಕೇ ಎಂದು. 15 ಸೆಕೆಂಡು ಎಣಿಸುತ್ತದೆ. ಉತ್ತರ ಬಾರದಿದ್ದರೆ ಎಲ್ಲವೂ ಮೊದಲಿನಂತೆ. 2022ರ ಆ ಗಲಾಟೆಯಲ್ಲಿ ಅಕ್ಕಲಕೋಟದ ಕೆಲವು ಗ್ರಾಮಪಂಚಾಯಿತಿಗಳೂ ಚೌಕ ಎಳೆದಿದ್ದವು: ರಸ್ತೆಯಿಲ್ಲ, ನೀರಿಲ್ಲ, ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಠರಾವು. ಅವುಗಳಿಗೆ 15 ಸೆಕೆಂಡಿಗಿಂತ ಹೆಚ್ಚು ಸಮಯ ಸಿಕ್ಕಿತು, ಸುಳ್ಳು ಹೇಳಬಾರದು. ವಿವರಣೆ ಕೇಳಿ ನೋಟಿಸು ಬಂತು, ಠರಾವುಗಳು ಹಿಂದಕ್ಕೆ ಹೋದವು. ರಸ್ತೆಯ ಸೆಟ್ಟಿಂಗನ್ನು ಯಾರೂ ಮುಟ್ಟಿರಲಿಲ್ಲವಾದ್ದರಿಂದ ಅದನ್ನು ಹಿಂದಕ್ಕೆ ತರುವ ಕೆಲಸ ತಪ್ಪಿತು.