ಕುಟುಂಬ ಲಕ್ಷಣ ನಿರ್ಣಯ: ಪಡಿತರ ಚೀಟಿಯ ಬೆಳಕಿನಲ್ಲಿ ಒಂದು ಶಾಸ್ತ್ರೀಯ ವಿಚಾರ

ಕುಟುಂಬವೆಂದರೆ ಯಾರು ಯಾರು ಎಂಬ ಪ್ರಶ್ನೆಗೆ ಧರ್ಮಶಾಸ್ತ್ರಕಾರರು ಪಿಂಡ, ಗೋತ್ರ, ಸೂತಕಗಳ ಲೆಕ್ಕ ಹಾಕಿ ದಣಿದರು. ಸಮಾಜಶಾಸ್ತ್ರಜ್ಞರು ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಎಂದು ಅಪ್ಪಣೆ ಕೊಡಿಸಿದರು. ಇವರಲ್ಲಿ ಯಾರೂ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತು ತಂಬ್ ಕೊಟ್ಟವರಲ್ಲವಾದ್ದರಿಂದ ಅವರ ಮತಗಳನ್ನು ಇಲ್ಲಿಗೇ ಕೈಬಿಡಲಾಗಿದೆ. ನಮ್ಮ ಸಿದ್ಧಾಂತ ಇಷ್ಟೇ: ಕುಟುಂಬ ಹುಟ್ಟುವುದು ಅರ್ಜಿ ನಮೂನೆಯಲ್ಲಿ.

ಇದಕ್ಕೆ ಪ್ರಾಚೀನ ಪ್ರಮಾಣವೂ ಉಂಟು. 1974ರ ಭೂಸುಧಾರಣೆಯ ಕಾನೂನು ಗಂಡ, ಹೆಂಡತಿ, ವಯಸ್ಸಿಗೆ ಬಾರದ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು ಇಷ್ಟನ್ನೇ ಕುಟುಂಬವೆಂದು ಕರೆದು, 5 ಜನರವರೆಗಿನ ಕುಟುಂಬಕ್ಕೆ 10 ಯುನಿಟ್ ಜಮೀನಿನ ಮಿತಿ ಹಾಕಿತು. ಇಂಥದ್ದೊಂದು ಬರುತ್ತದೆಂಬ ಸುಳಿವು ಸಿಕ್ಕಿದ್ದೇ ತಡ, ದೊಡ್ಡ ಹಿಡುವಳಿದಾರರ ಮನೆಗಳಲ್ಲಿ ಅಣ್ಣತಮ್ಮಂದಿರಿಗೆ ಇದ್ದಕ್ಕಿದ್ದಂತೆ ಒಬ್ಬರ ಮುಖ ಒಬ್ಬರಿಗಾಗದೆ ಪಾಲುಪಟ್ಟಿಗಳು ತಯಾರಾದವು. ಬೇರೆಯಾದವರೆಲ್ಲ ರಾತ್ರಿ ಅದೇ ಪಡಸಾಲೆಯಲ್ಲಿ ಸಾಲಾಗಿ ಕೂತು ಉಂಡರೆಂಬುದು ಕಂದಾಯ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಆಧುನಿಕ ಯುಗ ಆರಂಭವಾಗುವುದು 2023ರ ಆಗಸ್ಟ್ 30ರಂದು, ಮೈಸೂರಿನಲ್ಲಿ. ಅಂದು ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಕಾರ್ಡಿಗೊಬ್ಬ ಯಜಮಾನಿ, ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದು ಸಾರಿತು. ಆಹಾರ ಭದ್ರತಾ ಕಾಯ್ದೆಯಂತೆ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಮುಖ್ಯಸ್ಥೆ, ಅಂದರೆ ಅತ್ತೆ. ಸಾವಿರಾರು ವರ್ಷಗಳಿಂದ ಬರಿಯ ಮಾತಿನಲ್ಲೇ ನಡೆದಿದ್ದ ಅತ್ತೆ–ಸೊಸೆ ಕಲಹಕ್ಕೆ ಆಧಾರ್ ಜೋಡಣೆಯಾದದ್ದು ಹೀಗೆ. ‘ಹೊಸ ಕಾರ್ಡಿಗೆ ಅರ್ಜಿ ಬಿಟ್ಟಿದ್ದಾರಾ?’ ಎಂದು ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸುವ ಸೊಸೆ ನಮ್ಮ ಶಾಸ್ತ್ರದ ಮೊದಲ ಜಿಜ್ಞಾಸು.

ಮಂಡ್ಯ ಸೀಮೆಯ ಒಂದು ಅಡುಗೆಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಕಟ್ಟೆಯ ಮೇಲೆ ಎರಡು ಗ್ಯಾಸ್ ಒಲೆ. ಒಂದು ಮಸಿಗಟ್ಟಿದೆ. ಇನ್ನೊಂದರ ಸ್ಟಿಕ್ಕರ್ ಕೂಡ ಕಿತ್ತಿಲ್ಲ; ಬರ್ನರ್ ಮೇಲೆ ಉಪ್ಪಿನಕಾಯಿ ಜಾಡಿ ಕೂತಿದೆ. ತಪಾಸಣೆಗೆ ಬಂದ ಸಾಹೇಬರು ಕೇಳುತ್ತಾರೆ: ‘ಏನಮ್ಮಾ, ಬೇರೆ ಸಂಸಾರ ಅಂತೀಯ, ಸಾರು ಎಲ್ಲಿ ಕಾಯಿಸ್ತೀಯ?’

‘ನನ್ ಒಲೇಲೇ ಸ್ವಾಮಿ.’

‘ಜಾಡಿ?’

‘ಇವತ್ತು ಉಪ್ಪಿನಕಾಯೇ ಸ್ವಾಮಿ, ಸಾರಿಲ್ಲ.’

ಪಕ್ಕದ ಒಲೆಯಲ್ಲಿ ಕುದಿಯುತ್ತಿರುವ ಸಾರಿಗೆ ಅತ್ತೆ ಒಗ್ಗರಣೆ ಹಾಕುತ್ತಾ, ‘ಹೌದು ಸ್ವಾಮಿ, ನಮಗೂ ಅವಳಿಗೂ ಮಾತೇ ಇಲ್ಲ. ಉಪ್ಪು ಈಕಡೆ ಕೊಡವ್ವ’ ಎನ್ನುತ್ತಾಳೆ. ಇಂಥ ಸಹಕಾರವನ್ನು ಹಳೆಯ ಅವಿಭಕ್ತ ಕುಟುಂಬ ಕಂಡಿತ್ತೇ ಎಂಬುದು ನಮ್ಮ ಗಂಭೀರ ಸಂದೇಹ.

‘ಮಗ ಮಾತ್ರ ಎಂದೆಂದಿಗೂ ಮನೆಯವನೇ’ ಎಂದು ಪೂರ್ವಪಕ್ಷಿ ಆಕ್ಷೇಪಿಸಬಹುದು. ಖಂಡನೆ ಸುಲಭ. ಯಜಮಾನಿಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಕಟ್ಟಿದರೆ ಗೃಹಲಕ್ಷ್ಮಿ ಇಲ್ಲ. ಮಗನ ಮಾತು ನಿಯಮದಲ್ಲಿಲ್ಲ. ಆತ ವೈಟ್‌ಫೀಲ್ಡಿನಲ್ಲಿ ಎಷ್ಟೇ ತೆರಿಗೆ ಕಟ್ಟಲಿ, ಆ ನಮೂನೆಯ ಮಟ್ಟಿಗೆ ತಾಯಿಗೆ ಹೊರಗಿನವನು. ಅದೇ ಮಗನ ಸ್ವಂತ ಕಾರು ಬಿಪಿಎಲ್ ಕಾರ್ಡಿನ ವಿಚಾರಣೆಗೆ ಬಂದರೆ ಕರುಳಬಳ್ಳಿ ಮತ್ತೆ ಚಿಗುರುತ್ತದೆ.

ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ ರಕ್ತಸಂಬಂಧವೇ ಬೇಡ, ಮೀಟರಿನ ಆರ್‌ಆರ್ ನಂಬರ್ ಸಾಕು. 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಒಟ್ಟು 200 ಯುನಿಟ್ ಒಳಗೆ. ಬೇಸಿಗೆ ರಜೆಗೆ ಬರುವ ನಾದಿನಿಯ ಮೂವರು ಮಕ್ಕಳು ಆ ಶೇಕಡಾ ಹತ್ತರೊಳಗೆ ಮುಗಿಯಬೇಕು. ಎರಡು ದಿನದ ನಂತರವೂ ಫ್ಯಾನ್ ಆರಿಸದ ನೆಂಟರನ್ನು ಶಾಸ್ತ್ರ ಏನೆಂದು ಕರೆಯಬೇಕೋ ಇನ್ನೂ ನಿರ್ಣಯವಾಗಿಲ್ಲ.

ಸಿದ್ಧಾಂತಕ್ಕೆ ಒಂದೇ ಅಪವಾದ, ಶಕ್ತಿ ಯೋಜನೆ. ಅದು ಕಾರ್ಡು ಕೇಳುವುದಿಲ್ಲ, ಒಲೆ ಎಣಿಸುವುದಿಲ್ಲ. ಹೆಂಗಸಾಗಿರಬೇಕು, ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿರಬೇಕು, ಅಷ್ಟೆ. ಹೀಗಾಗಿ ಮಾತೇ ಇಲ್ಲದ ಆ ಅತ್ತೆ ಸೊಸೆ ಧರ್ಮಸ್ಥಳದ ಕೆಂಪು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು, ಶೂನ್ಯ ಟಿಕೆಟ್ ಹಿಡಿದು, ಪುಳಿಯೋಗರೆ ಹಂಚಿಕೊಳ್ಳುತ್ತಾರೆ. ಮಗ ಹಿಂದೆ ಕಂಬಿ ಹಿಡಿದು ನಿಂತಿರುತ್ತಾನೆ. ಆತ ಯಾರ ಕಾರ್ಡಿನವನೆಂದು ಕಂಡಕ್ಟರ್ ಕೇಳುವುದಿಲ್ಲ. ಪೂರ್ತಿ ಟಿಕೆಟ್ ಹರಿದುಕೊಟ್ಟು, ‘ಚಿಲ್ಲರೆ ಕೊಡ್ರೀ’ ಎನ್ನುತ್ತಾನೆ.